ಕೋಟೆಯಡಿಯ ಹಾವು, ಬುದಯ್ಯದ ಸಂಬಂಧ

ನನ್ನನ್ನು ಸಂಶಯದ ಪಿಶಾಚಿ ಅನ್ನುತ್ತಾರೆ. ಅನ್ನಲಿ, ಅವರ ಬಾಯಿ, ಅವರ ಚಪಲ. ತರಕಾರಿ ಅಂಗಡಿಯವನು ಕೇಳದೆಯೇ ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ಚೀಲದ ಅಡಿಯ ಟೊಮೆಟೊಗಳನ್ನು ಅಲ್ಲೇ ಹೊರಗೆ ತೆಗೆದು ತಿರುಗಿಸಿ ನೋಡುವವಳು ನಾನು. ಮದುವೆಯಾಗಿ ಬಹ್ರೈನಿಗೆ ಬಂದಂದಿನಿಂದ ಮಾಹೂಝ್‌ನ ಇದೇ ಫ್ಲಾಟಿನಲ್ಲಿದ್ದೇನೆ. ಈ ಗುಣದಿಂದ ನಮ್ಮ ಸಂಸಾರಕ್ಕೆ ಲಾಭವೇ ಆಗಿದೆ. ಟುಬ್ಲಿಯಲ್ಲಿ ಗ್ಯಾರೇಜು ನೋಡಿಕೊಳ್ಳುವ ನನ್ನ ಗಂಡ ಯಾರು ಏನು ಹೇಳಿದರೂ ನಂಬುತ್ತಾರೆ. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಹಾಗೆ ನಂಬುತ್ತಾ ಕೂತರೆ ಆಯಿತು ಕಥೆ.

ನಮ್ಮ ಒಬ್ಬಳೇ ಮಗಳಿಗೆ ಇಲ್ಲಿಯದೇ ಬುದಯ್ಯ ಎಂಬ ಊರಿನ ಸಂಬಂಧ ಬಂದಾಗಲೂ ನಾನು ಹಾಗೆಯೇ ತಿರುಗಿಸಿ ನೋಡಲು ಹೊರಟೆ. ಹುಡುಗನಿಗೆ ತಂದೆ ಇಲ್ಲ. ತಾಯಿ, ಮಗ ಇಬ್ಬರೇ. ಮೂಲ ಕುಂದಾಪುರದ ಕಡೆ. ನಮ್ಮ ಮನೆಮಾತು ತುಳು, ಅವರದು ಕುಂದಾಪುರದ ಕನ್ನಡ, ಆದ್ದರಿಂದ ನಮ್ಮೊಳಗೆ ಕನ್ನಡದಲ್ಲೇ ಮಾತು. ಹುಡುಗ ಎಂಜಿನಿಯರು, ಕುಡಿಯುವುದಿಲ್ಲ, ಸೇದುವುದಿಲ್ಲ, ಜಾತಕವೂ ಕೂಡಿತ್ತು. ಅವರಿಗೆ ಏನೂ ಬೇಡವಂತೆ. ನಮ್ಮ ಬಗ್ಗೆ ಯಾರಲ್ಲೂ ವಿಚಾರಿಸಿಯೂ ಇರಲಿಲ್ಲ. ವಿಚಾರಿಸಿದ್ದರೆ ನನಗೆ ಗೊತ್ತಾಗುತ್ತಿತ್ತು. ನೀವೇ ಹೇಳಿ, ವಿಚಾರಿಸದೆ ಹೆಣ್ಣು ತರುವವರು ಯಾರು? ತಮ್ಮ ಕಡೆ ಹುಳುಕು ಇದ್ದವರು ತಾನೇ?

ಆದರೆ ಮಗಳು ಒಪ್ಪಿದ್ದಳು. ಇದು ಸಣ್ಣ ಮಾತಲ್ಲ. ಇದಕ್ಕೆ ಮೊದಲು ಬಂದ ಸಂಬಂಧಗಳೆಲ್ಲ ಅರ್ಧಕ್ಕೆ ಬಂದು ಕಳಚಿಬಿದ್ದಿದ್ದವು. ಫೋನಿನಲ್ಲಿ ವಾರಗಟ್ಟಲೆ ಮಾತಾಡಿದ ಹುಡುಗರು ಒಮ್ಮಿಂದೊಮ್ಮೆಲೇ ಮಾಯವಾಗುತ್ತಿದ್ದರು. ಅವರ ಮನೆಯವರಿಗೆ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಮಗಳ ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ಈ ಹುಡುಗನ ಜೊತೆ ಮಾತಾಡಲು ತೊಡಗಿದ ಮೇಲೆ ಅವಳು ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳು. ಒಂದು ದಿನ ನೆಟ್ಟಗೆ ನನ್ನ ಎದುರು ನಿಂತು ಹೇಳಿದಳು: "ಅಮ್ಮ, ಇದೊಂದು ಹಾಳು ಮಾಡ್ಬೇಡ. ಇದೂ ಹೋದ್ರೆ ಮತ್ತೆ ನನ್ನ ಮದುವೆಯ ಮಾತೇ ಎತ್ಲಿಕ್ಕಿಲ್ಲ. ಐ ಮೀನ್ ಇಟ್."

"ನಾನೆಂತ ಹಾಳು ಮಾಡುದು ಮಾರಾಯ್ತಿ?" ಅಂದೆ.

ಮಾತು ಪಕ್ಕಾ ಮಾಡುವ ಮೊದಲು ಎರಡೂ ಮನೆಯವರು ಒಮ್ಮೆ ಕೂಡಬೇಕಿತ್ತು. ನಮ್ಮ ಪದ್ಧತಿಯ ಪ್ರಕಾರ ಹುಡುಗನ ಮನೆ ನೋಡಲು ನಾವು ಹೋಗಬೇಕು. ಆದರೆ ಹುಡುಗನ ತಾಯಿ ಫೋನು ಮಾಡಿ, ಶುಕ್ರವಾರ ಸಂಜೆ ಎಲ್ಲರೂ ಕೋಟೆಗೆ ಹೋಗುವ, ಮಗನಿಗೆ ಹಳೆಯ ಊರುಗಳ ಹುಚ್ಚು, ಅವನೇ ಎಲ್ಲ ತೋರಿಸುತ್ತಾನೆ ಅಂದರು. ಬುದಯ್ಯಕ್ಕೆ ಹೋಗುವ ದಾರಿಯಲ್ಲಿ ಕಡಲ ಬದಿಗೆ ತಿರುಗಿದರೆ ಸಿಗುತ್ತದಲ್ಲ, ಆ ಕೋಟೆ. ಮನೆಗೆ ಕರೆಯುವ ಬದಲು ಕೋಟೆಗೆ ಯಾಕೆ ಕರೆದರು? ಮನೆಯಲ್ಲಿ ನಾವು ನೋಡಬಾರದ್ದು ಏನಿದೆ? ನನ್ನ ಗಂಡನಲ್ಲಿ ಕೇಳಿದೆ. "ಗಾಳಿ ಉಂಟು, ಕಡಲು ಉಂಟು, ಕರೆದದ್ದು. ನಿನ್ನ ತಲೆ ಒಂದು," ಅಂದರು.

ಇನ್ನೂ ಬಿಸಿಲಿನ ಕಾವು ಇಳಿಯದ ತಿಂಗಳು. ನಾವು ಮೂವರು ಹೋದಾಗ ತಾಯಿ ಮಗ ಆಗಲೇ ಬಂದು ನಿಂತಿದ್ದರು. ತಾಯಿಗೆ ನನ್ನದೇ ಪ್ರಾಯ, ಬಿಳಿ ಕೂದಲಿಗೆ ಬಣ್ಣ ಹಚ್ಚಿರಲಿಲ್ಲ, ನಕ್ಕರೆ ಇಡೀ ಮುಖ ನಗುತ್ತಿತ್ತು. ಅಷ್ಟು ನಗುವವರನ್ನು ಕಂಡರೆ ನನಗಾಗುವುದಿಲ್ಲ. ಹುಡುಗ ನೋಡಲು ಲಕ್ಷಣವಾಗಿದ್ದ. ಆದರೆ ಆ ಸೆಕೆಯಲ್ಲಿ ತುಂಬುತೋಳಿನ ಅಂಗಿ ಹಾಕಿ, ಮಣಿಕಟ್ಟಿನವರೆಗೆ ಗುಂಡಿ ಬಿಗಿದುಕೊಂಡಿದ್ದ. ನನ್ನ ಕಣ್ಣು ಅಲ್ಲೇ ಸಿಕ್ಕಿಕೊಂಡಿತು. ತೊನ್ನು ಇದ್ದೀತೇ? ನಮ್ಮ ಕಡೆ ಚರ್ಮದ ಕಾಯಿಲೆ, ಬಿಳಿ ಕಲೆ ಅಂದರೆ ನಾಗದೋಷದ ಮಾತು ಬಂದೇ ಬರುತ್ತದೆ, ಸಂಬಂಧ ಅಲ್ಲಿಗೇ ನಿಂತುಬಿಡುತ್ತದೆ.

ಮ್ಯೂಸಿಯಂ ಪಕ್ಕದ ಕೆಫೆಯಲ್ಲಿ ಚಹಾ ಕುಡಿಯಲು ಕೂತೆವು. ನಾನು ಸಕ್ಕರೆ ಕೊಡುವ ನೆವದಲ್ಲಿ ಕೈ ಚಾಚಿ ಅವನ ತೋಳಿನ ಮೇಲೆ ನನ್ನ ಚಹಾ ಚೆಲ್ಲಿದೆ. ಬೇಕೆಂದೇ ಚೆಲ್ಲಿದ್ದು. ಜಾಸ್ತಿ ಬಿಸಿ ಇರಲಿಲ್ಲ, ಅಷ್ಟು ಕಟುಕಳಲ್ಲ ನಾನು. "ಅಯ್ಯೋ ದೇವ್ರೇ, ತೋಳು ಮಡಚು ಮಗ, ಕಲೆ ಆಗ್ತದೆ," ಅಂದೆ. ಅವನು ನಗುತ್ತಾ ಎರಡೂ ತೋಳು ಮೊಣಕೈವರೆಗೆ ಮಡಚಿ ನೀರು ಹಾಕಿ ಒರೆಸಿಕೊಂಡ. ಕೈತುಂಬ ಕರಿ ರೋಮ. ಬೇರೇನೂ ಇಲ್ಲ. "ರಜೆಯ ದಿನವೂ ಮೀಟಿಂಗ್ ಇತ್ತು ಆಂಟಿ, ಅಮ್ಮನನ್ನು ಹತ್ತಿಸಿಕೊಂಡು ನೆಟ್ಟಗೆ ಬಂದದ್ದು," ಅಂದ. ಮಗಳು ಮಾತ್ರ ನನ್ನನ್ನು ನುಂಗುವ ಹಾಗೆ ನೋಡಿದಳು. ಅವಳಿಗೆ ಗೊತ್ತಾಗಿತ್ತು.

ಆಮೇಲೆ ಅವನು ನಮ್ಮನ್ನು ಮೇಲೆ ಕರೆದುಕೊಂಡು ಹೋದ. ಇಷ್ಟು ವರ್ಷ ಇಲ್ಲಿದ್ದು, ಊರಿನಿಂದ ಬಂದ ನೆಂಟರ ಜೊತೆ ಎಷ್ಟೋ ಸಲ ಆ ಗೋಡೆಗಳ ಎದುರು ಫೋಟೋ ತೆಗೆಸಿಕೊಂಡಿದ್ದೇನೆ. ಪೋರ್ಚುಗೀಸರ ಕೋಟೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ನಮ್ಮ ಕರಾವಳಿಗೂ ಹಡಗಿನಲ್ಲಿ ಬಂದು ಕಾಟ ಕೊಟ್ಟವರೇ ಅವರು. ಆದರೆ ಹುಡುಗ ಹೇಳಿದ ಕಥೆಯೇ ಬೇರೆ.

"ನಾವು ನಿಂತದ್ದು ಗುಡ್ಡ ಅಲ್ಲ ಆಂಟಿ. ಊರಿನ ಮೇಲೆ ಊರು. ಮೇಲೆ ಕೋಟೆ, ಅದರ ಅಡಿಯಲ್ಲಿ ಇನ್ನೊಂದು ಕೋಟೆ, ಅದರ ಅಡಿಯಲ್ಲಿ ವ್ಯಾಪಾರಿಗಳ ಪೇಟೆ, ಅದಕ್ಕೂ ಕೆಳಗೆ ಅರಮನೆ, ಎಲ್ಲಕ್ಕಿಂತ ಕೆಳಗೆ ದಿಲ್ಮುನ್ ಜನರ ಮನೆಗಳು. ದಿಲ್ಮುನ್ ಅಂದ್ರೆ ಈ ನಾಡಿನ ಹಳೇ ಹೆಸರು. ನಾಲ್ಕು ಸಾವಿರ ವರ್ಷಕ್ಕಿಂತ ಹಿಂದಿಂದು."

"ಅಷ್ಟು ವರ್ಷ ಅಂತ ಇವರಿಗೆ ಯಾರು ಹೇಳಿದ್ದು?"

"ಮಣ್ಣು, ಮಡಕೆ ಎಲ್ಲ ನೋಡಿ ಹೇಳುದು ಆಂಟಿ."

"ಮತ್ತೆ ಕೆಳಗಿನವರೆಲ್ಲ ಎಲ್ಲಿಗೆ ಹೋದ್ರು?"

"ಎಲ್ಲಿಗೂ ಹೋಗ್ಲಿಲ್ಲ. ಗೋಡೆ ಬಿದ್ದಾಗ ಅದನ್ನೇ ಸಮ ಮಾಡಿ, ಅದರ ಮೇಲೆ ಮಕ್ಕಳು ಮನೆ ಕಟ್ಟಿದ್ರು. ಅವರ ಮಕ್ಕಳು ಅದರ ಮೇಲೆ."

ಹಳತಿನ ಮೇಲೆ ಮಣ್ಣು ಹಾಕಿ ಮುಚ್ಚಿ ಹೊಸ ಮನೆ ಕಟ್ಟುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದು ಹೇಳಬೇಕೆನಿಸಿತು. ಮಗಳ ಮುಖ ನೋಡಿ ಸುಮ್ಮನಾದೆ.

ಹುಡುಗನಿಗೆ ಹುಮ್ಮಸ್ಸು ಬಂದಿತ್ತು. ಕಡಲಿನ ಕಡೆ ಕೈತೋರಿಸಿ ಒಂದು ಪುರಾಣ ಹೇಳಿದ. ಬಹಳ ಹಿಂದೆ ದೂರದ ಜನ ಈ ನಾಡನ್ನು ರೋಗವಿಲ್ಲದ, ಮುಪ್ಪಿಲ್ಲದ, ಸಾವಿಲ್ಲದ ನಾಡು ಎಂದು ನಂಬಿದ್ದರಂತೆ. ಯಾವುದೋ ಊರಿನ ರಾಜನೊಬ್ಬ ಸಾವನ್ನು ಗೆಲ್ಲಲು ಹೊರಟು, ಮುತ್ತು ತೆಗೆಯುವವರ ಹಾಗೆ ಕಾಲಿಗೆ ಕಲ್ಲು ಕಟ್ಟಿಕೊಂಡು ನೀರಿನಡಿಗೆ ಇಳಿದು ಒಂದು ಗಿಡ ಕಿತ್ತು ತಂದನಂತೆ. ದಾರಿಯಲ್ಲಿ ಅವನು ಸ್ನಾನಕ್ಕೆ ಇಳಿದಾಗ ಹಾವೊಂದು ಬಂದು ಆ ಗಿಡವನ್ನು ತಿಂದುಬಿಟ್ಟಿತಂತೆ. ಅಂದಿನಿಂದ ಹಾವು ಪೊರೆ ಕಳಚಿ ಹೊಸದಾಗುತ್ತದೆ, ಮನುಷ್ಯ ಮಾತ್ರ ಸಾಯುತ್ತಾನೆ.

"ಸಾವಿಲ್ಲದ ಊರಾ?" ಅಂದೆ ನಾನು. "ಮತ್ತೆ ದ್ವೀಪದ ತುಂಬ ದಿಬ್ಬ ದಿಬ್ಬ ಹಳೇ ಸಮಾಧಿಗಳುಂಟಲ್ಲ, ಅದರಲ್ಲಿ ಮಲಗಿದವರು ಯಾರು?"

ಎಲ್ಲರೂ ನಕ್ಕರು. ಹುಡುಗನ ತಾಯಿ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೂ ಒಳಗೊಳಗೆ ಖುಷಿಯಾಯಿತೆಂದು ಇಟ್ಟುಕೊಳ್ಳಿ.

ಅಷ್ಟರಲ್ಲಿ ಅಗೆದು ತೆಗೆದ ಅರಮನೆಯ ಅಂಚಿಗೆ ಬಂದಿದ್ದೆವು. ಕೆಳಗೆ ಕಲ್ಲಿನ ಗೋಡೆಗಳು, ಬಾಗಿಲ ಜಾಗಗಳು, ಕೋಣೆಗಳು. ಮಗಳು ಅಂಚಿನಲ್ಲಿ ನಿಂತು ಬಗ್ಗಿ ನೋಡುತ್ತಿದ್ದಳು. ಹುಡುಗ ಹೇಳಿದ: "ಇಲ್ಲಿ ಕೋಣೆಗಳ ನೆಲದ ಅಡಿಯಲ್ಲಿ ಮಣ್ಣಿನ ಬಟ್ಟಲುಗಳು ಸಿಕ್ಕಿದ್ವು. ಒಳಗೆ ಹಾವು. ಸುರುಳಿ ಸುತ್ತಿದ ಹಾವಿನ ಎಲುಬು. ಕೆಲವು ಬಟ್ಟಲಿನಲ್ಲಿ ಹಾವಿನ ಜೊತೆ ಒಂದು ಮಣಿ, ಒಂದರಲ್ಲಿ ಮುತ್ತು. ಮೇಲೆ ಮುಚ್ಚಳ ಇಟ್ಟು ನೆಲದಲ್ಲಿ ಹೂತದ್ದು."

ನಮ್ಮ ಊರಿನಲ್ಲಿ ದಾರಿಯಲ್ಲೊಂದು ಸತ್ತ ನಾಗರ ಕಂಡರೂ ಮನುಷ್ಯರಿಗೆ ಮಾಡಿದ ಹಾಗೆ ಬೆಂಕಿ ಕೊಟ್ಟು ಸಂಸ್ಕಾರ ಮಾಡುತ್ತಾರೆ. ಇಲ್ಲಿ ಮನೆಯ ನೆಲದಡಿಯಲ್ಲಿ ಹೂತು, ಅದರ ಮೇಲೆ ನಡೆದಾಡಿ, ಉಂಡು, ಮಲಗಿದ್ದಾರೆ! ಆದರೆ ನನಗಿಂತ ಹೆಚ್ಚು ಬೆಚ್ಚಿದ್ದು ಹುಡುಗನ ತಾಯಿ. ನಗುತ್ತಿದ್ದ ಮುಖ ಪೂರ್ತಿ ಇಳಿದುಹೋಯಿತು. ಒಂದೇ ಹೆಜ್ಜೆಗೆ ಮುಂದೆ ಬಂದು ನನ್ನ ಮಗಳ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡರು. "ಸಾಕು, ಸಾಕು, ಇಲ್ಲಿ ನಿಲ್ಲುದ್ ಬೇಡ, ಬನ್ನಿ," ಅಂದರು. ಕಾರಿನವರೆಗೆ ಆ ಕೈ ಬಿಡಲಿಲ್ಲ.

ಹಾವಿನ ಹೆಸರಿಗೆ ಹೀಗೆ ಬಣ್ಣ ಬದಲಾಗಬೇಕಾದರೆ ಆ ಮನೆಯಲ್ಲಿ ನಾಗನ ವಿಷಯ ಏನೋ ಇದೆ. ನನ್ನ ಮನಸ್ಸಿನಲ್ಲಿ ಅದು ಅಲ್ಲೇ ಬೇರೂರಿತು. ಹೊರಡುವಾಗ ಸುಮ್ಮನೆ ಮಾತಿಗೆ ಎಂಬಂತೆ ಕೇಳಿದೆ: "ಅಕ್ಕ, ನಿಮ್ಮ ಮೂಲ ನಾಗಬನ ಎಲ್ಲಿ ಬಂತು?"

ನಮ್ಮ ಕಡೆಯ ಪ್ರತಿ ಕುಟುಂಬಕ್ಕೂ ಒಂದು ಮೂಲ ನಾಗಬನ, ನಾಗನ ಕಲ್ಲಿಟ್ಟು ಪೂಜಿಸುವ ಮರಗಳ ತೋಪು, ಇರುತ್ತದೆ. ಸಂಬಂಧದ ಮಾತಿನಲ್ಲಿ ಇದು ಹೆಸರು ಕೇಳಿದಷ್ಟೇ ಸಹಜವಾದ ಪ್ರಶ್ನೆ. ಅವರು ಊರಿನ ಹೆಸರೇನೋ ಹೇಳಿದರು. ನಾನು ಬಿಡಲಿಲ್ಲ. "ಪೂಜೆ ಎಲ್ಲ ಸರಿಯಾಗಿ ಆಗ್ತಾ ಉಂಟಾ? ಈಚೆಗೆ ಎಂತಾದ್ರೂ ಮಾಡಿಸಿದ್ರಾ?"

ಅವರು ಒಮ್ಮೆ ನನ್ನ ಮಗಳ ಕಡೆ ನೋಡಿದರು. ಆಮೇಲೆ, "ಹೊತ್ತಾಯ್ತಲ್ದಾ, ಇನ್ನೊಮ್ಮೆ ಮಾತಾಡುವ," ಅಂದು ಕಾರಿನ ಬಾಗಿಲು ತೆಗೆದರು.

ಆ ನೋಟ ನನಗೆ ನಿದ್ದೆ ಕೊಡಲಿಲ್ಲ. ಮರುವಾರ ನನ್ನ ಗಂಡನನ್ನು ಎಳೆದುಕೊಂಡು ಮತ್ತೆ ಕೋಟೆಗೆ ಹೋದೆ. ಹಾವಿನ ಕಥೆ ಸುಳ್ಳಾದರೆ ಹುಡುಗ ಸುಳ್ಳುಗಾರ. ನಿಜವಾದರೆ ತಾಯಿಯ ಭಯ ನಿಜ. ಎರಡರಲ್ಲಿ ಒಂದು ಗೊತ್ತಾಗಬೇಕಿತ್ತು. "ಪ್ರವಾಸಿಗಳಿಗೆ ಕಟ್ಟಿದ ಕಥೆ ಇರ್ಬಹುದು," ಅಂದೆ. ಇವರು ಸ್ಟಿಯರಿಂಗ್ ಹಿಡಿದುಕೊಂಡು, "ಹಾವಿಗೂ ಸಾಕ್ಷಿ ಬೇಕಾ ನಿನಗೆ?" ಅಂದರು.

ಮ್ಯೂಸಿಯಂ ಒಳಗೆ ಒಂದು ಉದ್ದ ಗೋಡೆ, ಅದರಲ್ಲಿ ಮಣ್ಣಿನ ಪದರಗಳು ಕೆಳಗಿನಿಂದ ಮೇಲಿನವರೆಗೆ. ಬೂದಿಯ ಬಣ್ಣದ್ದು ಒಂದು, ಕೆಂಪು ಒಂದು, ಚಿಪ್ಪು ತುಂಬಿದ್ದು ಒಂದು. ಒಂದೊಂದು ಪದರವೂ ಒಂದೊಂದು ಕಾಲದ ಜನರ ಬಾಳುವೆ ಎಂದು ಬರೆದಿದ್ದರು. ನನಗೆ ಕಂಡದ್ದು ಮುಚ್ಚಿಟ್ಟದ್ದರ ಮೇಲೆ ಮುಚ್ಚಿಟ್ಟದ್ದು. ಯಾವ ಊರಾದರೂ, ಯಾವ ಮನೆಯಾದರೂ ಅಗೆದರೆ ಹೀಗೆಯೇ ಇರುತ್ತದೆ. ಜನ ಅಗೆಯುವುದಿಲ್ಲ, ಅಷ್ಟೇ.

ಬಟ್ಟಲು ಗಾಜಿನ ಹಿಂದೆ ಇತ್ತು. ಅನ್ನ ಬಡಿಸುವ ಬಟ್ಟಲಿಗಿಂತ ಚೂರು ದೊಡ್ಡದು. ಒಳಗೆ ತೆಳ್ಳಗಿನ ಎಲುಬು, ಬಂಗುಡೆ ಮೀನಿನ ಮುಳ್ಳಿನಷ್ಟು ಸಣ್ಣ ಸಣ್ಣದು. ಹುಡುಗ ಸುಳ್ಳು ಹೇಳಿರಲಿಲ್ಲ. ನನಗೆ ಗೊತ್ತಿಲ್ಲದೆ ನನ್ನ ಕೈಗಳು ಜೋಡಿಕೊಂಡವು. ನಾನು ಬೇಡಿದ್ದು ಇಷ್ಟೇ: ತಾಯಿ ಸ್ಥಾನದಲ್ಲಿ ನಿಂತು ಕೇಳ್ತೇನೆ, ನನ್ನ ಹೆಣ್ಣು ಯಾವ ದೋಷದ ಮನೆಗೂ ಹೋಗಿ ಬೀಳದಿರಲಿ. ಬದಿಯಲ್ಲಿದ್ದ ಪಾಕಿಸ್ತಾನಿ ಕಾವಲುಗಾರ ನನ್ನನ್ನೇ ಗಮನಿಸುತ್ತಿದ್ದ. "ಮೇಡಮ್, ಶೀಶೇ ಕೋ ಹಾತ್ ಮತ್ ಲಗಾನಾ," ಅಂದ. ನಾನು ಗಾಜು ಮುಟ್ಟಿರಲೇ ಇಲ್ಲ. ಅವನಿಗೂ ನನ್ನ ಮೇಲೆ ಸಂಶಯ!

ಮನೆಗೆ ಬಂದು ಊರಿನಲ್ಲಿರುವ ನನ್ನ ಅಣ್ಣನಿಗೆ ಫೋನು ಹಚ್ಚಿದೆ. ಹುಡುಗನ ತಾಯಿ ಹೇಳಿದ್ದ ಊರಿನ ಹೆಸರು ಕೊಟ್ಟು, ಆ ಕುಟುಂಬದ ಬನದಲ್ಲಿ ಈಚೆಗೆ ಏನಾದರೂ ನಡೆದಿದೆಯೇ ವಿಚಾರಿಸು ಅಂದೆ. ಅಣ್ಣ ನನ್ನ ಹಾಗೆಯೇ, ಒಂದು ಕೆಲಸ ಹಿಡಿದರೆ ಬುಡ ಕಾಣದೆ ಬಿಡುವವನಲ್ಲ. ನಾಲ್ಕೇ ದಿನದಲ್ಲಿ ಅವನ ಫೋನು ಬಂತು.

"ನಿನ್ನ ಲೆಕ್ಕ ಸರಿ ಉಂಟು. ಮೊನ್ನೆ ಮೊನ್ನೆ ಅಲ್ಲಿ ಆಶ್ಲೇಷಾ ಬಲಿ ಆಗಿದೆ."

ಆಶ್ಲೇಷಾ ಬಲಿ ಎಂದರೆ ನಾಗದೋಷ ಕಳೆಯಲು ಮಾಡಿಸುವ ದೊಡ್ಡ ಪೂಜೆ. ಯಾರೂ ಸುಮ್ಮಸುಮ್ಮನೆ ಮಾಡಿಸುವುದಿಲ್ಲ.

"ಯಾರ ಹೆಸರಲ್ಲಿ?" ಅಂದೆ.

"ಭಟ್ರು ಬಾಯಿ ಬಿಡುದಿಲ್ಲ. ಬಹ್ರೈನಿನಲ್ಲಿ ಇರುವವರ ಹೆಸರಲ್ಲಿ ಅಂತ ಅಷ್ಟೇ ಹೇಳಿದ್ರು. ಇನ್ನು ಯಾರದ್ದು? ಹುಡುಗನದ್ದೇ."

ಸಿಕ್ಕಿಬಿದ್ದರು ಅಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಮಗಳ ಮುಖ ನನಗೆ ನೆನಪಾಗಲಿಲ್ಲ. ಗೆದ್ದೆ ಎಂಬುದೊಂದೇ ತಲೆಯಲ್ಲಿತ್ತು. ಸಂಜೆ ಅವಳು ಆಫೀಸಿನಿಂದ ಬಂದು ಚಪ್ಪಲಿ ಬಿಚ್ಚುತ್ತಿರುವಾಗಲೇ ಹೇಳಿಬಿಟ್ಟೆ: "ಆ ಸಂಬಂಧ ಬೇಡ. ಅವರ ಮನೆಯಲ್ಲಿ ನಾಗದೋಷ ಉಂಟು. ಮುಚ್ಚಿಟ್ಟು ಮದುವೆ ಮಾಡ್ಲಿಕ್ಕೆ ನೋಡ್ತಿದ್ದಾರೆ."

ಅವಳು ಜಗಳಕ್ಕೆ ಬರುತ್ತಾಳೆಂದು ತಯಾರಾಗಿದ್ದೆ. ಅವಳು ಬರಲಿಲ್ಲ. ಒಂದು ಚಪ್ಪಲಿ ಕಾಲಿನಲ್ಲಿ, ಒಂದು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಯು ಡಿಡ್ ಇಟ್, ಅಮ್ಮ. ಇದನ್ನೂ ಮಾಡಿಯಾಯ್ತು," ಅಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಬಡಿದಿದ್ದರೆ ನನಗೆ ಸಮಾಧಾನ ಇರುತ್ತಿತ್ತು. ಮೆಲ್ಲನೆ ಹಾಕಿಕೊಂಡಳು.

ನನ್ನ ಮಗಳನ್ನು ಅಳಿಸಿದ್ದು ಆ ಬುದಯ್ಯದ ಹೆಂಗಸು. ಅವರು ಮುಚ್ಚಿಡದೆ ಇದ್ದಿದ್ದರೆ ಇದೆಲ್ಲ ಎಲ್ಲಿತ್ತು? ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬರುತ್ತೇನೆ ಎಂದು ಹಟ ಹಿಡಿದೆ. ಇವರು ಬೇಡ ಅಂದರು, ಎಷ್ಟೋ ಸಲ ಬೇಡ ಅಂದರು. ಅಷ್ಟು ಬೇಡ ಅನ್ನುವುದು ಇವರ ಸ್ವಭಾವವಲ್ಲ ಎಂದು ಆಗ ನನಗೆ ಹೊಳೆಯಬೇಕಿತ್ತು. ಕೊನೆಗೆ ಶನಿವಾರ ಬೆಳಿಗ್ಗೆ ಕಾರು ತೆಗೆದರು.

ಬುದಯ್ಯದ ಆ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಕಾಂಪೌಂಡಿನೊಳಗೆ ಸಣ್ಣ ಮನೆ, ಮೆಟ್ಟಿಲಿನ ಬದಿಯಲ್ಲಿ ಬಸಳೆ ಚಪ್ಪರ, ಒಳಗೆ ಒಗ್ಗರಣೆಯ ವಾಸನೆ. ಹುಡುಗ ಮನೆಯಲ್ಲಿರಲಿಲ್ಲ. ಇವರು ಕಾರಿನಿಂದ ಇಳಿಯಲಿಲ್ಲ. ತಾಯಿ ಬಾಗಿಲು ತೆಗೆದು ನನ್ನ ಮುಖ ನೋಡಿದ ಕೂಡಲೇ ಅರ್ಥ ಮಾಡಿಕೊಂಡಿರಬೇಕು.

"ಬನ್ನಿ, ಕೂಕಣಿ," ಅಂದರು.

ನಾನು ಕೂರಲಿಲ್ಲ. "ಕೂತು ಮಾತಾಡುವ ವಿಷಯ ಅಲ್ಲ ಇದು. ನಿಮ್ಮ ಬನದಲ್ಲಿ ಆಶ್ಲೇಷಾ ಬಲಿ ಮಾಡಿಸಿದ್ದು ನನಗೆ ಗೊತ್ತುಂಟು. ಮಗನಿಗೆ ಎಂತ ಉಂಟು ಅಂತ ಈಗಲಾದ್ರೂ ಹೇಳಿ. ನನ್ನ ಒಬ್ಬಳೇ ಮಗಳು ಅದು. ನಿಮಗೆ ಹೆಣ್ಣುಮಕ್ಕಳಿಲ್ಲ, ನಿಮಗೆ ಗೊತ್ತಾಗುದಿಲ್ಲ."

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಆರಿಸಿ ಬಂದು ನನ್ನ ಎದುರು ನಿಂತರು.

"ನನ್ನ ಮಗನಿಗೆ ಎಂತ ಇಲ್ಲೆ. ನಿಮ್ಮ ಮಗಳ ಹೆಸರಲ್ಲಿ ಮಾಡಿಸಿದ್ದು."

ಕೇಳಿದ್ದು ಸರಿಯೇ ಎಂದು ಅವರ ಬಾಯಿಯನ್ನೇ ನೋಡುತ್ತಾ ನಿಂತೆ.

"ಕಾಣಿ, ನಿಮಗೆ ಹೇಳುದಿಲ್ಲ ಅಂತ ಆ ಹೆಣ್ಣಿಗೆ ಮಾತು ಕೊಟ್ಟಿದ್ದೆ. ಈಗ ನೀವೇ ಇಲ್ಲಿವರೆಗೆ ಬಂದ್ರಿ. ಕೋಟೆಗೆ ಹೋಗುದಕ್ಕಿಂತ ಮೊದ್ಲೇ ಒಂದಿನ ಅವಳೊಬ್ಬಳೇ ಬಂದಿದ್ಲು ಇಲ್ಲಿಗೆ. ಇದೇ ಕೋಣೆಯಲ್ಲಿ ನಿಂತು, ಆಂಟಿ, ಒಪ್ಪುದಕ್ಕೆ ಮೊದ್ಲು ಇದನ್ನ ನೋಡಿ ಅಂತ ಹೇಳಿ ತಿರುಗಿ ಬೆನ್ನು ತೋರಿಸಿದ್ಲು. ಸೊಂಟದಿಂದ ಮೇಲೆ, ನನ್ನ ಅಂಗೈ ಅಗಲ ಬೆಳ್ಳಗೆ. ಮಗನಿಗೆ ಮೊದ್ಲೇ ಹೇಳಿದ್ಲಂತೆ. ಅಂಟುದಲ್ಲ, ನೋವಿಲ್ಲ ಅಂತ ಡಾಕ್ಟ್ರು ಹೇಳಿದ್ದನ್ನೂ ಹೇಳಿದ್ಲು, ಮದ್ದು ಮಾಡ್ತಿದ್ದೇನೆ ಅಂದ್ಲು. ನಮಗೆ ಎಂತ ತೊಂದರೆ ಇಲ್ಲೆ ಅಂದೆ."

"ಮತ್ತೆ ಪೂಜೆ ಯಾಕೆ?"

"ಡಾಕ್ಟ್ರ ಮಾತು ಡಾಕ್ಟ್ರಿಗೆ. ನನ್ನ ಸಮಾಧಾನ ನನಗೆ. ನಾಳೆ ನಮ್ಮ ಮನೆಗೆ ಬರುವವಳಲ್ದಾ? ನಿಮ್ಮ ಬನದಲ್ಲಿ ಮಾಡಿಸಬೇಕಾದ್ರೆ ನಿಮಗೆ ಹೇಳ್ಬೇಕಿತ್ತು. ಅದಕ್ಕೆ ನಮ್ಮದ್ರಲ್ಲೇ ಮಾಡಿಸಿದೆ. ಅವತ್ತು ಆ ಗುಂಡಿಯ ಬದಿಯಲ್ಲಿ ನಿಂತು ಹಾವು ಹೂತ ಜಾಗ ಬಗ್ಗಿ ಕಾಣ್ತಿದ್ಲು, ನನಗೆ ಜೀವ ಹೋದ ಹಾಗಾಯ್ತ್."

ಕೈ ಹಿಡಿದು ಎಳೆದದ್ದು ಅದಕ್ಕೆ. ಹಾವಿನ ಮಾತು ಬಂದಾಗ ನಾನು ಮಗಳನ್ನು ನೋಡಲೇ ಇಲ್ಲ. ಆ ಹೆಂಗಸಿನ ಮುಖ ನೋಡುತ್ತಿದ್ದೆ. ಅವರು ನನ್ನ ಮಗಳನ್ನು ನೋಡುತ್ತಿದ್ದರು.

ನನಗೆ ನಾಚಿಕೆಯಾಯಿತು ಎಂದು ನೀವು ತಿಳಿಯಬಹುದು. ಇಲ್ಲ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಹೆತ್ತವಳು ನಾನು. ಅವಳು ಸಣ್ಣವಳಿದ್ದಾಗ ಎಣ್ಣೆ ಹಚ್ಚಿ ಮೀಯಿಸಿದ ಬೆನ್ನು ಅದು. ಆ ಬೆನ್ನಿನ ಮೇಲೆ ಏನಿದೆ ಎಂದು ನಿನ್ನೆ ಮೊನ್ನೆ ಪರಿಚಯವಾದ ಹೆಂಗಸು ನನಗೆ ಹೇಳುತ್ತಿದ್ದಾರೆ.

"ನನಗೆ ಯಾಕೆ ಹೇಳ್ಳಿಲ್ಲ ಅವಳು?" ಎಂದು ಕೇಳಿದೆ.

ಅವರು ಹೇಳಲು ಹಿಂದೆಮುಂದೆ ನೋಡಿದರು. ನಾನು ಬಿಡಲಿಲ್ಲ. ಆಮೇಲೆ ಹೇಳಿದರು: "ನಾನೂ ಕೇಳಿದೆ. ಅಮ್ಮನಿಗೆ ಗೊತ್ತಾದ್ರೆ ಇದು ಯಾರ ಕಡೆಯಿಂದ ಬಂದದ್ದು, ಯಾರ ತಪ್ಪಿನಿಂದ ಬಂದದ್ದು ಅಂತ ಹುಡುಕ್ಲಿಕ್ಕೆ ಶುರು ಮಾಡ್ತಾರೆ, ಅಪ್ಪನ ಕಡೆಯವರನ್ನು ಒಬ್ಬರನ್ನೂ ಬಿಡುದಿಲ್ಲ ಅಂದ್ಲು."

ಅವರು ಚಹಾ ಕುಡಿದು ಹೋಗಿ ಅಂದರು, ಮದುವೆಯ ಮಾತು ಹಾಗೆಯೇ ಇರಲಿ ಅಂದರು, ಇದು ನಮ್ಮಿಬ್ಬರಲ್ಲೇ ಇರಲಿ ಅಂದರು. ನಾನು ಏನು ಹೇಳಿದೆನೋ ನೆನಪಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತೆ.

ಇವರು ಎಂತ ಆಯಿತು ಎಂದು ಕೇಳಲಿಲ್ಲ. ಕಾರು ಹೈವೇಗೆ ಬಂದ ಮೇಲೂ ಕೇಳಲಿಲ್ಲ. ಆಗ ಅರ್ಥವಾಯಿತು.

"ನಿಮಗೆ ಗೊತ್ತಿತ್ತು."

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಇವರು ಕೆಂಪು ದೀಪವನ್ನೇ ನೋಡುತ್ತಾ, "ಡಾಕ್ಟ್ರ ಹತ್ರ ಕರ್ಕೊಂಡು ಹೋಗುದು ಯಾರು ಮತ್ತೆ?" ಅಂದರು. ಆಮೇಲೆ ತಾವಾಗಿಯೇ ಹೇಳಿದರು: "ಮೊದಲು ಬಂದ ಹುಡುಗರಿಗೂ ಅವಳೇ ಹೇಳಿದ್ದು. ಅದಕ್ಕೆ ಅವರು ಓಡಿದ್ದು. ನೀನು ಅವರ ಮನೆಯವರಿಗೆ ಬೈತಾ ಕೂತಿದ್ದಿ. ಅವಳು ಒಳಗೆ ಅಳ್ತಾ ಇದ್ಲು."

ಇಷ್ಟು ವರ್ಷ ಊರಿನವರೆಲ್ಲ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದು ಹುಡುಕುತ್ತಾ ಬಂದವಳು ನಾನು. ಮುಚ್ಚಿಟ್ಟದ್ದು ನನ್ನದೇ ಮನೆಯಲ್ಲಿ, ನಾನು ದಿನಾ ಗುಡಿಸಿ ಒರೆಸುವ ಕೋಣೆಯಲ್ಲಿ. ಗಂಡ, ಮಗಳು ಇಬ್ಬರೂ ಸೇರಿಕೊಂಡು. ಇವರ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದೆ. ಅತ್ತುಬಿಟ್ಟೆ. ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಲೇ ಇದ್ದ.

ಮನೆಗೆ ಬಂದಾಗ ಮಗಳು ಊಟದ ಮೇಜಿನ ಎದುರು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ನಾವು ಬರುವಷ್ಟರಲ್ಲಿ ಬುದಯ್ಯದಿಂದ ಅವಳಿಗೆ ಫೋನು ಬಂದಿತ್ತೆಂದು ಮುಖದಲ್ಲೇ ಗೊತ್ತಾಯಿತು. ಇವರು ಸದ್ದಿಲ್ಲದೆ ಬಾಲ್ಕನಿಗೆ ಹೋದರು.

ಎಷ್ಟೋ ಮಾತು ಕಟ್ಟಿಕೊಂಡು ಬಂದಿದ್ದೆ. ಮದುವೆ ನಡೆಯುತ್ತದೆ ಎಂದು ಹೇಳಬೇಕಿತ್ತು. ಆ ಹೆಂಗಸು ಒಳ್ಳೆಯವರು ಎಂದು ಹೇಳಬೇಕಿತ್ತು, ಹೇಳಲು ಎಷ್ಟು ಕಷ್ಟವಾದರೂ. ಬಾಯಿಗೆ ಬಂದದ್ದು ಒಂದೇ: "ತೋರಿಸು."

"ಅಮ್ಮ, ಬೇಡ. ಪ್ಲೀಸ್."

"ಒಮ್ಮೆ ತೋರಿಸು ಮಗಾ."

ಅವಳು ಎದ್ದು ನಿಂತಳು. ನನಗೆ ಬೆನ್ನು ಮಾಡಿ, ಅಂಗಿಯನ್ನು ಹಿಂದಿನಿಂದ ಸ್ವಲ್ಪ ಮೇಲೆತ್ತಿದಳು. ಸೊಂಟದ ಮೇಲೆ, ಬೆನ್ನಿನ ಬಲಬದಿಯಲ್ಲಿ ಇತ್ತು. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ, ಅಂಚು ಅಂಕುಡೊಂಕು. ಅದರಿಂದ ಆಚೆಗೆ ಇನ್ನೊಂದು ಚಿಕ್ಕದು ಶುರುವಾಗಿತ್ತು. ಎಷ್ಟು ವರ್ಷದಿಂದ ಇವಳು ನನಗೆ ಬೆನ್ನು ತೋರಿಸದೆ ಸೀರೆ ಉಟ್ಟಳು, ಬಟ್ಟೆ ಬದಲಿಸಿದಳು, ಕಾಯಿಲೆ ಬಿದ್ದಳು?

ನಾನು ಬೆರಳು ಇಟ್ಟೆ. ಉಳಿದ ಚರ್ಮದಷ್ಟೇ ಬೆಚ್ಚಗೆ, ಅಷ್ಟೇ ನುಣುಪು. ನನ್ನ ಕೈ ತಗಲಿದ ಕೂಡಲೇ ಅವಳ ಬೆನ್ನು ಸೆಟೆದುಕೊಂಡಿತು.

"ಎಂತ ಹುಡುಕ್ತಾ ಇದ್ದೀಯಮ್ಮ?" ಅಂದಳು.

"ಎಂತದೂ ಇಲ್ಲ. ಸುಮ್ಮನೆ ಮುಟ್ಟಿದ್ದು."

ಅವಳು ಅಂಗಿ ಕೆಳಗೆ ಎಳೆದುಕೊಂಡು ನನ್ನ ಕಡೆ ತಿರುಗಿದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಲಿಲ್ಲ.